ದೊಡ್ಡ ರಿವಾಲ್ವರ್, ಮೆದು ತೋಟಾ: ಒಂದು ಪ್ರಕರಣ

ಈ ಪ್ರಕರಣದ ರಿವಾಲ್ವರ್ ಇರುವುದು ಅಮೆರಿಕದ ಅರಿಜೋನಾದಲ್ಲಿ. ಅದರ ಬಗ್ಗೆ ತಲೆ ಕೆಡಿಸಿಕೊಂಡದ್ದು ಮಾತ್ರ ಬಸವನಗುಡಿಯ ನಮ್ಮ ಮನೆಯಲ್ಲಿ. ಅದು ನನ್ನ ಅಕ್ಕನ ಮಗನದು. ಗ್ರೀನ್ ಕಾರ್ಡ್ ಕೈಗೆ ಬಂದ ಮೇಲೆ ಕೊಂಡದ್ದು. ಎಚ್-1ಬಿ ವೀಸಾದಲ್ಲಿ ಇರುವವರು ಬೇಟೆ ಲೈಸೆನ್ಸಿನಂಥ ಕೆಲವು ವಿನಾಯಿತಿ ಬಿಟ್ಟರೆ ಅಲ್ಲಿ ಬಂದೂಕು ಇಟ್ಟುಕೊಳ್ಳುವಂತಿಲ್ಲ. ನಾನು ಪೀಣ್ಯದ ಟೂಲ್‌ರೂಮಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಗುರಿ ಹೊಡೆಯುವ ಹವ್ಯಾಸ ಹಳೆಯದು. ಹಾಗಾಗಿ ಡಿಸೆಂಬರ್ ರಜೆಗೆ ಬಂದಾಗ ಅವನು ಲ್ಯಾಪ್‌ಟಾಪ್ ತೆರೆದು ನನ್ನ ಮುಂದೆ ಕೂತ.

ಮೊದಲೇ ಒಂದು ಮಾತು. ಈ ಬರಹದ ಕೆಲಸ, ಅಂದರೆ ಕೇಸಿಗೆ (ತೋಟಾದ ಹಿತ್ತಾಳೆ ಕವಚಕ್ಕೆ) ಮದ್ದು, ಗುಂಡು ಹಾಕಿ ಮನೆಯಲ್ಲೇ ತೋಟಾ ತುಂಬುವುದು, ಅಮೆರಿಕದಲ್ಲಿ ಹವ್ಯಾಸ, ನಮ್ಮಲ್ಲಿ ಅಪರಾಧ. ಅಮೆರಿಕದಲ್ಲಿ ಸ್ವಂತ ಬಳಕೆಗೆ ತೋಟಾ ತುಂಬಿಕೊಳ್ಳಲು ಕೇಂದ್ರ ಸರ್ಕಾರದ ಲೈಸೆನ್ಸ್ ಬೇಕಿಲ್ಲ, ಮಾರುವುದಾದರೆ ಮಾತ್ರ ಬೇಕು. ನಮ್ಮಲ್ಲಿ 1959ರ ಆರ್ಮ್ಸ್ ಆ್ಯಕ್ಟ್‌ನ 5ನೇ ಸೆಕ್ಷನ್ ಪ್ರಕಾರ ತಯಾರಿಕೆಗೇ ಬೇರೆ ಲೈಸೆನ್ಸ್ ಬೇಕು. 2019ರ ತಿದ್ದುಪಡಿ ಆದ ಮೇಲೆ ತಪ್ಪಿದರೆ ಕನಿಷ್ಠ 7 ವರ್ಷ ಜೈಲು, ಗರಿಷ್ಠ ಜೀವಾವಧಿ. ಮನೆಯಲ್ಲಿ ಲೈಸೆನ್ಸ್ ಇರುವ ರಿವಾಲ್ವರ್ ಇದ್ದರೂ ಅದು ಇಟ್ಟುಕೊಳ್ಳಲು ಸಿಕ್ಕ ಅನುಮತಿ ಅಷ್ಟೆ. ತೋಟಾ ತುಂಬಲು ಅಲ್ಲ. ಅದಕ್ಕೇ ನಮ್ಮ ಮೇಜಿನ ಮೇಲೆ ಇದ್ದದ್ದು ನೋಟ್‌ಬುಕ್ಕು, ಕ್ಯಾಲ್ಕುಲೇಟರು ಮಾತ್ರ. ಸ್ಯಾಂಪಲ್ಲಿಗೆ ಅಂತ ಒಂದು ಖಾಲಿ ಕೇಸನ್ನೂ ಬ್ಯಾಗಿನಲ್ಲಿ ತರಬೇಡ ಎಂದು ಅವನಿಗೆ ಮೊದಲೇ ಹೇಳಿದ್ದೆ.

ಏನಿತ್ತು, ಏನು ತೊಂದರೆ

ರಿವಾಲ್ವರ್ ರೂಗರ್ ಕಂಪನಿಯ ಬ್ಲ್ಯಾಕ್‌ಹಾಕ್. .45 ಕೋಲ್ಟ್ ತೋಟಾದ್ದು. ನಳಿಗೆ ಐದೂವರೆ ಇಂಚು, ತೂಕ ಸುಮಾರು 1.1 ಕಿಲೋ. ಸಿಂಗಲ್ ಆ್ಯಕ್ಷನ್. ಅಂದರೆ ಪ್ರತಿ ಸಲ ಹೆಬ್ಬೆರಳಿನಿಂದ ಹ್ಯಾಮರ್ ಹಿಂದಕ್ಕೆ ಎಳೆಯಬೇಕು, ಆಗಲೇ ಸಿಲಿಂಡರ್ ತಿರುಗುತ್ತದೆ. ಸೆಕೆಂಡ್ ಹ್ಯಾಂಡ್ ಮಾಲು. ಜೊತೆಗೆ ಹಳೆಯ ಮಾಲೀಕರು ಮನೆಯಲ್ಲಿ ಕೈಯಿಂದ ತುಂಬಿದ ಒಂದು ಚೀಲ ತೋಟಾಗಳನ್ನೂ, ಅರ್ಧ ಖಾಲಿಯಾದ ಎಚ್110 ಎಂಬ ಮದ್ದಿನ ಡಬ್ಬಿಯನ್ನೂ ಕೊಟ್ಟಿದ್ದರು. ಚೀಲದ ಮೇಲೆ ಲೇಬಲ್ ಇರಲಿಲ್ಲ.

ಇವನು ಆ ತೋಟಾಗಳಲ್ಲಿ ಒಂದೆರಡನ್ನು ಹೊಡೆದ. ಮಣಿಕಟ್ಟು ನೋವಾಯಿತು. ಅವನ ಹೆಂಡತಿ ಒಂದು ಹೊಡೆದು, ರಿವಾಲ್ವರ್ ಕೆಳಗಿಟ್ಟು, "ಇದು ನಂಗೆ ಬೇಡ" ಎಂದಳಂತೆ. ಅವಳಿಗೂ ಗುರಿ ಹೊಡೆಯುವ ಆಸೆ ಇದ್ದದ್ದರಿಂದಲೇ ವಿಷಯ ನನ್ನ ತನಕ ಬಂದದ್ದು. ಕಾರ್ಖಾನೆಯ ಮೆದು ತೋಟಾ, ಅಂದರೆ ಕೈಗೆ ಕಡಿಮೆ ಒದೆಯುವ ತೋಟಾ, ಅಲ್ಲಿ ಸಿಗುತ್ತದೆ, ಆದರೆ ದುಬಾರಿ. ಬಿಳಿ ಕಾಗದದ ಮೇಲೆ 15 ಗಜ ದೂರದಲ್ಲಿ ತೂತು ಮಾಡಬೇಕು, ಕೈ ನೋಯಬಾರದು, ಅಷ್ಟೇ ಅವರಿಗೆ ಬೇಕಿದ್ದದ್ದು.

ಅವನ ಯೋಜನೆ ಸರಳವಾಗಿತ್ತು. ಡಬ್ಬಿಯಲ್ಲಿ ಮದ್ದು ಇದೆ. ಮದ್ದು ತಯಾರಕರ ಪುಸ್ತಕದಲ್ಲಿ ಬರೆದಿರುವುದರಲ್ಲಿ ಅರ್ಧ ಹಾಕಿದರೆ ಒದೆತವೂ ಅರ್ಧ, ಅಲ್ವಾ ಮಾವ?

ಅಲ್ಲ. ಈ ಇಡೀ ಪ್ರಕರಣ ಆ "ಅಲ್ಲ" ಎಂಬುದರ ವಿವರಣೆ.

ಬೇರೆಯವರು ತುಂಬಿದ ತೋಟಾ ಹೊಡೆಯಬಾರದು, ಬೇರೆಯವರು ತೆರೆದ ಮದ್ದಿನ ಡಬ್ಬಿ ಬಳಸಬಾರದು. ಇದು ಈ ಹವ್ಯಾಸದವರೆಲ್ಲ ಒಪ್ಪುವ ಮಾತು. ಲೇಬಲ್ಲಿನಲ್ಲಿ ಎಚ್110 ಎಂದಿದ್ದರೆ ಒಳಗೂ ಅದೇ ಇದೆ ಎಂದು ಯಾರು ಗ್ಯಾರಂಟಿ ಕೊಡುತ್ತಾರೆ? ಅದೇ ಇದ್ದರೂ ಆ ಮದ್ದು ಈ ಕೆಲಸಕ್ಕೆ ಪೂರ್ತಿ ತಪ್ಪು. ಎಚ್110 ನಿಧಾನವಾಗಿ ಉರಿಯುವ, ಮ್ಯಾಗ್ನಂ ಎಂಬ ಬಲವಾದ ತೋಟಾಗಳ ಮದ್ದು. ಕೇಸ್ ತುಂಬಿರಬೇಕು, ಒತ್ತಡ ಜಾಸ್ತಿ ಇರಬೇಕು, ಆಗಲೇ ಅದು ಸರಿಯಾಗಿ ಹತ್ತಿಕೊಳ್ಳುತ್ತದೆ. ಪುಸ್ತಕದ ಅಂಕಿಗಿಂತ ಶೇಕಡಾ 3ಕ್ಕಿಂತ ಹೆಚ್ಚು ಇಳಿಸಬೇಡಿ ಎಂದು ತಯಾರಕರೇ ಎಚ್ಚರಿಸುತ್ತಾರೆ. ಅರ್ಧ ಹಾಕಿದರೆ ಅರ್ಧ ಒದೆತ ಸಿಗುವುದಿಲ್ಲ. ಅರೆಬೆಂದ ಮದ್ದು, ತಡವಾಗಿ ಸಿಡಿಯುವ ತೋಟಾ, ಇಲ್ಲವೇ ನಳಿಗೆಯ ನಡುವೆ ಸಿಕ್ಕಿಕೊಂಡ ಗುಂಡು ಸಿಗುತ್ತದೆ. ಹಿಂದೆಯೇ ಇನ್ನೊಂದು ಗುಂಡು ಹೊಡೆದರೆ ನಳಿಗೆಯ ಕಥೆ ಮುಗಿಯಿತು.

ಅಲ್ಲಿಗೆ ಹಿಂತಿರುಗಿದ ಮೇಲೆ ಅವನು ಆ ಚೀಲದ ತೋಟಾಗಳನ್ನೆಲ್ಲ ಬಿಚ್ಚಿದ. ಒಳಗಿದ್ದದ್ದು 300 ಗ್ರೇನ್, ಅಂದರೆ ಸುಮಾರು 19 ಗ್ರಾಂನ, ಭಾರೀ ಗುಂಡುಗಳು. ಕಾರಣ ಗೊತ್ತಾಯಿತು. .45 ಕೋಲ್ಟ್‌ಗೆ ಅಮೆರಿಕದ ಉದ್ಯಮ ಗೊತ್ತುಮಾಡಿದ ಗರಿಷ್ಠ ಒತ್ತಡ ಚದರ ಇಂಚಿಗೆ 14,000 ಪೌಂಡ್. .44 ಮ್ಯಾಗ್ನಂಗೆ 36,000. ಬ್ಲ್ಯಾಕ್‌ಹಾಕ್ ಗಟ್ಟಿ ಮಾಲು ಆದ್ದರಿಂದ ಅದಕ್ಕೆಂದೇ 14,000ವನ್ನು ಬಹಳ ಮೀರಿದ ಬೇರೆ ಪಟ್ಟಿ ಪುಸ್ತಕಗಳಲ್ಲಿ ಇದೆ. ಹಳೆಯ ಮಾಲೀಕರು ಆ ಪಟ್ಟಿಯವರು. ಅದೇ ತೋಟಾ ಹಳೆಯ ಕೋಲ್ಟ್ ರಿವಾಲ್ವರಿಗೆ ಹೋಗಿದ್ದರೆ? ಸಿಲಿಂಡರಿನಲ್ಲಿ ಸಲೀಸಾಗಿ ಕೂರುತ್ತದೆ. ಸಿಲಿಂಡರನ್ನು ಹಿಡಿದು ನಿಲ್ಲಿಸುವ ಬೋಲ್ಟ್ ಕೂರುವ ಕಚ್ಚಿನ ಹತ್ತಿರ ಗೋಡೆ ತೆಳ್ಳಗಿರುತ್ತದೆ, ಅದು ಮೊದಲು ಹೋಗುತ್ತದೆ.

ಖಾಲಿ ಜಾಗ

.45 ಕೋಲ್ಟ್ 1873ರ ತೋಟಾ. ಕರಿಮದ್ದಿನ ಕಾಲ. ಮೂಲ ಲೆಕ್ಕ 40 ಗ್ರೇನ್ ಕರಿಮದ್ದು, 255 ಗ್ರೇನ್ ಸೀಸದ ಗುಂಡು. ಗ್ರೇನ್ ಅಂದರೆ ಎಷ್ಟು ಎಂದು ಅಕ್ಕ ಕೇಳಿದಳು. ಅವಳಿಗೆ ತೊಲದ ಲೆಕ್ಕ ಗೊತ್ತು. ಒಂದು ತೊಲ ಅಂದರೆ ಸರಿಯಾಗಿ 180 ಗ್ರೇನ್. ಅಂದರೆ ಆ ಗುಂಡು ಒಂದೂವರೆ ತೊಲಕ್ಕೆ ಸ್ವಲ್ಪ ಕಮ್ಮಿ. "ಅಷ್ಟು ಬಂಗಾರ ಇದ್ದಿದ್ದರೆ!" ಎಂದು ಒಳಗೆ ಹೋದಳು.

ಆ ಕಾಲದ ಕೇಸ್ 40 ಗ್ರೇನ್ ಕರಿಮದ್ದಿನಿಂದ ತುಂಬಿ ಒತ್ತಿರುತ್ತಿತ್ತು. ಖಾಲಿ ಜಾಗವೇ ಇಲ್ಲ. ಈಗಿನ ಹೊಗೆರಹಿತ ಮದ್ದಿಗೆ ಶಕ್ತಿ ಬಹಳ. ಮೆದು ತೋಟಾಗೆ 10 ಗ್ರೇನ್‌ಗಿಂತ ಸಾಕಷ್ಟು ಕಡಿಮೆ ಸಾಕು. ಅದು ಕೇಸಿನ ತಳದಲ್ಲಿ ಒಂದು ಚಿಟಿಕೆ. ಉಳಿದದ್ದೆಲ್ಲ ಗಾಳಿ. ಮೆದು ಮಾಡುತ್ತ ಹೋದಷ್ಟೂ ಗಾಳಿ ಜಾಸ್ತಿ.

ಇದನ್ನು ತೋರಿಸಲು ನಾನು ಒಂದು ಪಾರದರ್ಶಕ ಪ್ಲಾಸ್ಟಿಕ್ ಕೊಳವೆಯನ್ನು ಕೇಸಿನ ಉದ್ದಕ್ಕೆ, ಅಂದರೆ ಸುಮಾರು 33 ಮಿಲಿಮೀಟರಿಗೆ, ಕತ್ತರಿಸಿದೆ. ಒಂದು ತುದಿಗೆ ಟೇಪ್. ಒಳಗೆ ಚಿಟಿಕೆ ರಾಗಿ. ಇನ್ನೊಂದು ತುದಿಗೆ ಪೆನ್ಸಿಲ್ ತೂರಿಸಿ ಗುಂಡಿನ ಜಾಗ ಮಾಡಿದೆ. ನೆಟ್ಟಗೆ ನಿಲ್ಲಿಸಿದಾಗ ರಾಗಿ ತಳದಲ್ಲಿ, ಮದ್ದಿಗೆ ಕಿಡಿ ಕೊಡುವ ಪ್ರೈಮರ್ ಇರುವ ಕಡೆ ಕೂತಿತ್ತು. ಮಲಗಿಸಿದಾಗ ಉದ್ದಕ್ಕೂ ತೆಳ್ಳಗೆ ಹರಡಿತು. ಪೆನ್ಸಿಲಿನ ಕಡೆ ಬಾಗಿಸಿ ಮತ್ತೆ ಮಲಗಿಸಿದಾಗ ಹೆಚ್ಚಿನ ಕಾಳು ಆ ಕಡೆಯೇ ಉಳಿಯಿತು. ಟೇಪಿನ ಕಡೆ ಬರಿದು. ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿದ. "ಹಾಗಾದ್ರೆ ರಿವಾಲ್ವರನ್ನ ಕೆಳಗಿಂದ ಎತ್ತಿ ಹೊಡೆದರೆ ಒಂದು ವೇಗ, ಮೇಲಿಂದ ಇಳಿಸಿ ಹೊಡೆದರೆ ಇನ್ನೊಂದು ವೇಗ?" ಎಂದ. ಹೌದು. ಪ್ರೈಮರಿನ ಹತ್ತಿರ ಮದ್ದು ಇದ್ದರೆ ವೇಗ ಜಾಸ್ತಿ, ಗುಂಡಿನ ಹತ್ತಿರ ಇದ್ದರೆ ಕಡಿಮೆ.

ಅದಕ್ಕಿಂತ ದೊಡ್ಡ ಅಪಾಯವೂ ಆ ಕೊಳವೆಯಲ್ಲೇ ಕಾಣುತ್ತದೆ. ಇನ್ನೊಂದು ಚಿಟಿಕೆ ರಾಗಿ ಹಾಕಿ ನೋಡಿ. ಹಿಡಿಯುತ್ತದೆ. ಮೂರನೆಯದೂ ಹಿಡಿಯುತ್ತದೆ. ಫೋನ್ ಬಂತು ಅಂತ ಎದ್ದು ಹೋಗಿ, ವಾಪಸ್ ಬಂದು ಅದೇ ಕೇಸಿಗೆ ಮತ್ತೆ ಮದ್ದು ಹಾಕಿದರೆ ಕೇಸ್ ತುಂಬಿ ಚೆಲ್ಲುವುದಿಲ್ಲ, ಸುಮ್ನೆ ನುಂಗಿಕೊಳ್ಳುತ್ತದೆ. ಭಾರೀ ತೋಟಾಗಿಂತ ಮೆದು ತೋಟಾ ತುಂಬುವಾಗ ಈ ವಿಷಯದಲ್ಲಿ ಎಚ್ಚರ ಜಾಸ್ತಿ ಬೇಕು.

ಗುಂಡು ಮೊದಲು, ಮದ್ದು ಆಮೇಲೆ

ಒದೆತವನ್ನು ಮೊದಲು ಲೆಕ್ಕ ಹಾಕಿದೆವು. ಗುಂಡಿನ ತೂಕ ಗುಣಿಸು ವೇಗ. ಮದ್ದಿನ ಅನಿಲದ ಪಾಲನ್ನು ಸದ್ಯಕ್ಕೆ ಬಿಡೋಣ. 300 ಗ್ರೇನ್ ಗುಂಡು ಸೆಕೆಂಡಿಗೆ ಸುಮಾರು 1150 ಅಡಿ ವೇಗದಲ್ಲಿ ಹೋದರೆ ಅದು ಸೆಕೆಂಡಿಗೆ 6.8 ಕಿಲೋಗ್ರಾಂ-ಮೀಟರ್. ಮೂಲ ತೋಟಾ, 255 ಗ್ರೇನ್ 900 ಅಡಿಗೆ, 4.5. ಅದೇ 250 ಗ್ರೇನ್ 700 ಅಡಿಗೆ 3.45. 200 ಗ್ರೇನ್ 700 ಅಡಿಗೆ 2.8. ರಿವಾಲ್ವರಿನ ತೂಕ ಒಂದೇ ಇರುವಾಗ ಒದೆತದ ಶಕ್ತಿ ಈ ಅಂಕಿಯ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. ಹಾಗಾಗಿ 6.8ರಿಂದ 3.45ಕ್ಕೆ ಬಂದರೆ ಒದೆತ ಅರ್ಧ ಅಲ್ಲ, ಕಾಲು ಭಾಗ.

ಇಲ್ಲಿ ನಮಗೆ ಪರಿಚಯದ ಒಂದು ಅಳತೆಗೋಲು ಇದೆ. ಬ್ರಿಟಿಷ್ ಅಧಿಕಾರಿಗಳ ಸೊಂಟದಲ್ಲಿ ಇಲ್ಲಿಗೆ ಬಂದ .455 ವೆಬ್ಲಿ. ಅದರ ಗುಂಡು 265 ಗ್ರೇನ್, ವೇಗ ಸೆಕೆಂಡಿಗೆ 600ರಿಂದ 650 ಅಡಿ. ದೊಡ್ಡ ಬೋರು, ಭಾರದ ಗುಂಡು, ನಿಧಾನದ ನಡೆ. ಲೆಕ್ಕ ಹಾಕಿದರೆ 3.2ರ ಆಸುಪಾಸು. ಅಮೆರಿಕದ ಸೈನ್ಯವೂ 1870ರ ದಶಕದಲ್ಲೇ ತನ್ನ .45 ತೋಟಾದ ಮದ್ದನ್ನು ಇಳಿಸಿತ್ತು. ಆಮೇಲೆ ಬಂದ ಸ್ಕೋಫೀಲ್ಡ್ ತೋಟಾದಲ್ಲಿ 28 ಗ್ರೇನ್ ಮದ್ದು, 230 ಗ್ರೇನ್ ಗುಂಡು. ಅಂದರೆ ಮೆದು ತೋಟಾ ಎನ್ನುವುದು ಈಗಿನವರ ನಾಜೂಕು ಅಲ್ಲ.

ಅಳಿಯನ ಮನಸ್ಸು 200 ಗ್ರೇನ್ ಗುಂಡಿನ ಕಡೆ ಇತ್ತು. ಅಲ್ಲಿ ಹಳೆಯ ಕಾಲದ ಬಂದೂಕುಗಳಿಂದ ಗುರಿ ಹೊಡೆಯುವ ಕೌಬಾಯ್ ಸ್ಪರ್ಧೆಗಳವರು ಅದನ್ನೇ ಹೆಚ್ಚು ಬಳಸುತ್ತಾರೆ. ಆ ಸ್ಪರ್ಧೆಗಳಲ್ಲಿ ರಿವಾಲ್ವರ್ ಗುಂಡಿನ ವೇಗ ಸೆಕೆಂಡಿಗೆ 1000 ಅಡಿ ಮೀರಬಾರದು, 400ಕ್ಕಿಂತ ಇಳಿಯಬಾರದು ಎಂಬ ನಿಯಮವೂ ಇದೆ. ಆದರೆ ಅವರಿಗೆ ಬೇಕಿರುವುದು ಹತ್ತಿರದ ದೊಡ್ಡ ಉಕ್ಕಿನ ಹಲಗೆಗೆ ಬೇಗ ಬೇಗ ಹೊಡೆಯುವುದು. ಇವರಿಗೆ ಬೇಕಿರುವುದು ಕಾಗದದ ಮೇಲೆ ಒಟ್ಟಿಗೆ ಬೀಳುವ ತೂತುಗಳು. ನಾನು 250 ಎಂದೆ. ಭಾರದ ಗುಂಡು ಮದ್ದಿಗೆ ಸ್ವಲ್ಪ ಹೊತ್ತು ಎದುರು ನಿಲ್ಲುತ್ತದೆ. ಒತ್ತಡ ಏರುತ್ತದೆ, ಮದ್ದು ಚೆನ್ನಾಗಿ ಉರಿಯುತ್ತದೆ. ಹಗುರ ಗುಂಡು ಬೇಗ ಹೊರಟುಬಿಡುತ್ತದೆ, ಹಿಂದೆ ಮಸಿ ಉಳಿಯುತ್ತದೆ. ಒಪ್ಪಿಗೆ ಆಗಲಿಲ್ಲ. ಎರಡನ್ನೂ ಹೊಡೆದು ನೋಡುವುದು ಎಂದಾಯಿತು.

ತಾಮ್ರದ ಹೊದಿಕೆಯ ಗುಂಡು ಬೇಡ ಎನ್ನುವುದರಲ್ಲಿ ಮಾತ್ರ ಚರ್ಚೆಯೇ ಇರಲಿಲ್ಲ. ನಳಿಗೆಯಲ್ಲಿ ಅದಕ್ಕೆ ಘರ್ಷಣೆ ಜಾಸ್ತಿ, ಇಷ್ಟು ಕಡಿಮೆ ಒತ್ತಡದಲ್ಲಿ ಸಿಕ್ಕಿಕೊಳ್ಳುವ ಭಯ ಇದೆ. ಸೀಸವೇ ಸರಿ. ಅದೂ ಮೆದು ಸೀಸ. ಅಂಗಡಿಯಲ್ಲಿ "ಹಾರ್ಡ್ ಕಾಸ್ಟ್" ಎಂದು ಹೆಮ್ಮೆಯಿಂದ ಮಾರುವ ಗುಂಡು ಇಲ್ಲಿ ಉಲ್ಟಾ ಕೆಲಸ ಮಾಡುತ್ತದೆ. ಒತ್ತಡಕ್ಕೆ ಗುಂಡಿನ ಬುಡ ಸ್ವಲ್ಪ ಹಿಗ್ಗಿ ನಳಿಗೆಯನ್ನು ಮುಚ್ಚಬೇಕು. ಗಟ್ಟಿ ಗುಂಡು ಹಿಗ್ಗುವುದಿಲ್ಲ, ಬಿಸಿ ಅನಿಲ ಪಕ್ಕದಿಂದ ನುಗ್ಗಿ ಸೀಸವನ್ನು ಕೊರೆದು ನಳಿಗೆಗೆ ಬಳಿಯುತ್ತದೆ. ಬ್ರಿನೆಲ್ ಎಂಬ ಅಳತೆಯಲ್ಲಿ ಗಡಸುತನ 8ರಿಂದ 12ರ ಒಳಗೆ ಇರಲಿ ಎಂದು ಗೊತ್ತುಮಾಡಿದೆವು.

ಮದ್ದಿನ ವಿಷಯದಲ್ಲಿ ನನ್ನ ಮೊದಲ ಆಯ್ಕೆ ಟ್ರೇಲ್ ಬಾಸ್. ಅದರ ಕಣ ನಡುವೆ ತೂತಿರುವ ಪುಟ್ಟ ಬಿಲ್ಲೆ. ತೂಕ ಕಡಿಮೆ, ಜಾಗ ಜಾಸ್ತಿ. ಕೇಸ್ ತುಂಬುತ್ತದೆ, ಎರಡು ಸಲ ಹಾಕಿದರೆ ಹೊರಗೆ ಚೆಲ್ಲಿ ತಾನೇ ಹೇಳಿಬಿಡುತ್ತದೆ. ಈ ಹಳೆಯ ದೊಡ್ಡ ಕೇಸುಗಳಿಗೆಂದೇ ಮಾಡಿದ ಮದ್ದು. ಆದರೆ ಕೆಲವು ವರ್ಷಗಳಿಂದ ಅಂಗಡಿಗಳಲ್ಲಿ ಸಿಗುತ್ತಿಲ್ಲ. ಯೂನಿಕ್ ಹಳೆಯ ನಂಬಿಕಸ್ಥ ಮದ್ದು, ಮೂಲ ವೇಗಕ್ಕೆ ಬಹಳ ಚೆನ್ನ, 700 ಅಡಿಗೆ ಇಳಿದಾಗ ಮಸಿ ಕಾರುತ್ತದೆ. ಉಳಿದದ್ದು ಬೇಗ ಉರಿಯುವ ಎರಡು, ಎಚ್‌ಪಿ-38 ಮತ್ತು ಟೈಟ್‌ಗ್ರೂಪ್. ಎರಡಕ್ಕೂ ತಯಾರಕರ ಪುಸ್ತಕದಲ್ಲಿ .45 ಕೋಲ್ಟ್, ಸೀಸದ ಗುಂಡಿನ ಅಂಕಿಗಳಿವೆ. ಪುಸ್ತಕದಲ್ಲಿ ಇಲ್ಲದ ಜೋಡಿಯನ್ನು ನಾವು ಮುಟ್ಟುವುದಿಲ್ಲ ಎಂಬುದು ಮೊದಲೇ ಆದ ಒಪ್ಪಂದ. ಅದೇ ಕಾರಣಕ್ಕೆ ಮದ್ದಿನ ತೂಕ ಇಲ್ಲಿ ಬರೆಯುತ್ತಿಲ್ಲ. ಆ ಅಂಕಿ ಯಾರೋ ಮಾವ ಬರೆದದ್ದರಿಂದ ಬರಬಾರದು, ತಯಾರಕರ ಈಗಿನ ಪಟ್ಟಿಯಿಂದಲೇ ಬರಬೇಕು.

ಗಿಡ್ಡ ಕೇಸಿನ ದಾರಿಯೂ ಇತ್ತು. ಸ್ಕೋಫೀಲ್ಡ್ ಕೇಸ್ ಸುಮಾರು 1.10 ಇಂಚು, ಕೋಲ್ಟ್ ಕೇಸ್ 1.285. ಗಿಡ್ಡದರಲ್ಲಿ ಗಾಳಿ ಕಡಿಮೆ. ಅದು ಒಳ್ಳೆಯ ಉಪಾಯವೇ. ಆದರೆ ಸಿಲಿಂಡರಿನಲ್ಲಿ ಕೇಸಿನ ಮುಂದೆ ಮಸಿಯ ಉಂಗುರ ಕಟ್ಟುತ್ತದೆ, ಹೊಸ ಕೇಸುಗಳಿಗೆ ದುಡ್ಡು ಬೇರೆ. ಬಿಟ್ಟೆವು.

ತಕ್ಕಡಿಯದೂ ಒಂದು ಸಣ್ಣ ಜಗಳ ಆಯಿತು. ಎಸ್‌ಪಿ ರೋಡಿನಲ್ಲಿ ಅವನಿಗೆ ಅಂಗೈಯಗಲದ ಒಂದು ಡಿಜಿಟಲ್ ತಕ್ಕಡಿ ಕಣ್ಣಿಗೆ ಬಿತ್ತು. ಬಟನ್ ಒತ್ತಿದರೆ ಗ್ರೇನ್ ಲೆಕ್ಕವನ್ನೂ ತೋರಿಸುತ್ತಿತ್ತು. ಅಗ್ಗ. ಆದರೆ ಅದರ ಸೂಕ್ಷ್ಮತೆ 0.01 ಗ್ರಾಂ, ಅಂದರೆ 0.15 ಗ್ರೇನ್. ಐದಾರು ಗ್ರೇನ್ ತೂಗುವ ಕಡೆ ಅದು ಶೇಕಡಾ ಮೂರರಷ್ಟು ತಪ್ಪು. ಈ ಕೆಲಸಕ್ಕೆ 0.1 ಗ್ರೇನ್ ಗೊತ್ತಾಗಬೇಕು, ಅದು 6.5 ಮಿಲಿಗ್ರಾಂ. ಪರದೆಯ ಮೇಲೆ ಅಂಕಿ ಕಂಡಿತು ಅಂತ ತಕ್ಕಡಿ ಅಷ್ಟು ಸೂಕ್ಷ್ಮ ಎಂದು ಅರ್ಥವಲ್ಲ. ಬೇಡ ಎಂದೆ. ಅಲ್ಲಿ ಹೋಗಿ ಪರೀಕ್ಷೆಯ ಬಟ್ಟುಗಳ ಸಮೇತ ಸರಿಯಾದ್ದನ್ನು ಕೊಂಡ.

ಹೊಡೆದು ನೋಡಿದಾಗ

ಫಲಿತಾಂಶ ವಾಟ್ಸ್‌ಆ್ಯಪ್‌ನಲ್ಲಿ ಬಂತು. ಅವನು ಒಂದೊಂದೇ ಕೇಸ್ ಮಾಡುವ ಸಿಂಗಲ್ ಸ್ಟೇಜ್ ಪ್ರೆಸ್ ಇಟ್ಟುಕೊಂಡಿದ್ದ. ಮದ್ದು ಹಾಕಿದ ಎಲ್ಲ ಕೇಸುಗಳನ್ನೂ ಹಲಗೆಯಲ್ಲಿ ಸಾಲಾಗಿ ನಿಲ್ಲಿಸಿ, ಟಾರ್ಚ್ ಬಿಟ್ಟು ಒಂದೊಂದರ ಒಳಗೂ ಇಣುಕಿ, ಆಮೇಲೇ ಗುಂಡು ಕೂರಿಸುತ್ತಿದ್ದ. ವೇಗ ಅಳೆಯಲು ಕ್ರೋನೋಗ್ರಾಫ್. ಅರ್ಧ ತೋಟಾಗಳನ್ನು ನಳಿಗೆ ಮೇಲೆ ಮಾಡಿ ಇಳಿಸಿ ಹೊಡೆದ, ಇನ್ನರ್ಧವನ್ನು ಕೆಳಗೆ ಮಾಡಿ ಎತ್ತಿ ಹೊಡೆದ.

200 ಗ್ರೇನ್ ಗುಂಡು, ಎಚ್‌ಪಿ-38: ಎರಡರ ನಡುವೆ ನೂರು ಅಡಿಗೂ ಮೀರಿದ ವ್ಯತ್ಯಾಸ. ಕಾಗದದ ಮೇಲೆ ಅದು ಮೇಲೊಂದು ಕೆಳಗೊಂದು ಗುಂಪಾಗಿ ಕಂಡಿತು. ಕೇಸುಗಳ ಒಂದು ಪಕ್ಕ ಬುಡದವರೆಗೂ ಕಪ್ಪು, ಅಂದರೆ ಒತ್ತಡ ಸಾಲದೆ ಹಿತ್ತಾಳೆ ಹಿಗ್ಗಿ ಗೋಡೆಗೆ ಅಂಟಿಲ್ಲ. ಇನ್ನೊಂದು ವಿಷಯ ಅವನಿಗೆ ಹೆಬ್ಬೆರಳಲ್ಲಿ ಗೊತ್ತಾಯಿತು. ಎರಡನೇ ಸಲ ಹ್ಯಾಮರ್ ಎಳೆಯುವಾಗ ಸಿಲಿಂಡರ್ ಬಿಗಿಯಾಗಿ ತಿರುಗಿತು. ನಿಲ್ಲಿಸಿ ನೋಡಿದರೆ ಹೊಡೆದ ಕೇಸಿನ ಪ್ರೈಮರ್ ಕೂದಲೆಳೆಯಷ್ಟು ಹೊರಗೆ ಬಂದು ಹಿಂದಿನ ಉಕ್ಕಿಗೆ ಉಜ್ಜುತ್ತಿತ್ತು. ಭಾರೀ ತೋಟಾದಲ್ಲಿ ಕೇಸು ಹಿಂದಕ್ಕೆ ಒದ್ದು ಪ್ರೈಮರನ್ನು ಮತ್ತೆ ಒಳಗೆ ಕೂರಿಸುತ್ತದೆ. ಬಹಳ ಮೆದುವಾದಾಗ ಆ ಒದೆತ ಇಲ್ಲ. ಮೆದು ಮಾಡುವುದಕ್ಕೆ ಒಂದು ತಳ ಇದೆ ಎನ್ನುವುದನ್ನು ಆ ಬಿಗಿ ಹೇಳಿತು.

250 ಗ್ರೇನ್‌ಗೆ ಬದಲಿಸಿದಾಗ ಅದೇ ಮದ್ದಿನಲ್ಲೇ ವ್ಯತ್ಯಾಸ ಇಳಿಯಿತು, ಕೇಸ್ ಶುಭ್ರವಾಯಿತು, ಸಿಲಿಂಡರ್ ಹಗುರಾಗಿ ತಿರುಗಿತು. ಟೈಟ್‌ಗ್ರೂಪ್ ಹಾಕಿದಾಗ ಇನ್ನೂ ಇಳಿಯಿತು. ಕೇಸಿನ ಒಳಗೆ ಎಲ್ಲಿದ್ದರೂ ಒಂದೇ ಥರ ಉರಿಯುತ್ತದೆ ಎಂದು ತಯಾರಕರು ಹೇಳುವ ಮದ್ದು ಅದು. ಇವನ ಕೈಯಲ್ಲಿ ಆ ಮಾತು ಹೆಚ್ಚೂಕಮ್ಮಿ ನಿಜವಾಯಿತು. ನನಗೆ ಅದರ ಮೇಲೆ ಒಂದು ಅಸಮಾಧಾನ ಇದ್ದೇ ಇದೆ. ಅದು ಸಾಂದ್ರ, ಎರಡು ಪಾಲು ಬಿದ್ದರೂ ಕೇಸ್ ತುಂಬಿದಂತೆ ಕಾಣುವುದಿಲ್ಲ. ಟಾರ್ಚಿನ ಕೆಲಸ ಬಿಡುವವರು ಆ ಮದ್ದನ್ನೂ ಬಿಡಬೇಕು.

ಗುಂಡಿನ ಸುತ್ತ ಕೇಸಿನ ಬಾಯಿಯನ್ನು ಒಳಕ್ಕೆ ಮಡಿಚುವ ಕ್ರಿಂಪ್ ಕೂಡ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಭಾರೀ ತೋಟಾದಲ್ಲಿ ಅದು ಗುಂಡು ಜಾರದಂತೆ ಹಿಡಿಯುತ್ತದೆ. ಮೆದು ತೋಟಾದಲ್ಲಿ ಮದ್ದು ಹತ್ತಿಕೊಳ್ಳುವ ತನಕ ಗುಂಡನ್ನು ತಡೆದು ನಿಲ್ಲಿಸುತ್ತದೆ. ಅವನು ಮೊದಲು ಸಡಿಲ ಬಿಟ್ಟಿದ್ದ, ಬಿಗಿ ಮಾಡಿದ ಮೇಲೆ ವೇಗ ಇನ್ನಷ್ಟು ಒಂದೇ ಸಮ ಆಯಿತು.

ಆದರೂ ನಳಿಗೆಯಲ್ಲಿ ಸೀಸ ಬಳಿದುಕೊಳ್ಳುವುದು ನಿಲ್ಲಲಿಲ್ಲ. ಮೆದು ಸೀಸ, ಸರಿಯಾದ ಮದ್ದು, ಆದರೂ ಪ್ರತಿ ಸಲ ಬ್ರಷ್ ಹಿಡಿದು ತಿಕ್ಕುವ ಕೆಲಸ. ಇಲ್ಲಿ ನನ್ನ ಪೀಣ್ಯದ ಬುದ್ಧಿ ಓಡಿತು. ಸಿಲಿಂಡರಿನ ಆರು ಬಾಯಿಗಳನ್ನು ಪಿನ್ ಗೇಜ್, ಅಂದರೆ ನಿಖರ ದಪ್ಪದ ಉಕ್ಕಿನ ಕಡ್ಡಿ, ಹಾಕಿ ಅಳೆ ಎಂದೆ. 0.450 ಇಂಚಿನ ಪಿನ್ ಎಲ್ಲದರಲ್ಲೂ ಹೋಯಿತು, 0.451ರದು ಒಂದರಲ್ಲೂ ಹೋಗಲಿಲ್ಲ. ಗುಂಡು 0.452. ಕೈಯಲ್ಲಿ ಗುಂಡನ್ನು ಆ ಬಾಯಿಗೆ ಇಟ್ಟು ಒತ್ತಿದರೆ ಹೋಗುತ್ತಲೇ ಇಲ್ಲ ಎಂದು ವಿಡಿಯೋದಲ್ಲಿ ತೋರಿಸಿದ. ಅಂದರೆ ಗುಂಡು ಸಿಲಿಂಡರಿನಿಂದ ಹೊರಡುವಾಗಲೇ ಹಿಂಡಿಸಿಕೊಂಡು ಸಣ್ಣದಾಗಿ, ಅದಕ್ಕಿಂತ ದೊಡ್ಡ ನಳಿಗೆಗೆ ಹೋಗುತ್ತಿತ್ತು. ಪಕ್ಕದಿಂದ ಅನಿಲ ನುಗ್ಗದೆ ಇನ್ನೇನಾದೀತು? ಹಳೆಯ .45 ಬ್ಲ್ಯಾಕ್‌ಹಾಕ್‌ಗಳಲ್ಲಿ ಬಿಗಿ ಬಾಯಿ ಎನ್ನುವುದು ಆ ವಲಯದಲ್ಲಿ ಹಳೆಯ ದೂರು. ಭಾರೀ ತೋಟಾದಲ್ಲಿ ಒತ್ತಡವೇ ಗುಂಡನ್ನು ಮತ್ತೆ ಹಿಗ್ಗಿಸಿ ಈ ದೋಷವನ್ನು ಮುಚ್ಚಿಹಾಕುತ್ತದೆ, ಮೆದು ತೋಟಾ ಅದನ್ನು ಹೊರಗೆ ಹಾಕುತ್ತದೆ. ಅಲ್ಲಿನ ಒಬ್ಬ ಬಂದೂಕು ಮೆಕ್ಯಾನಿಕ್ ಆರೂ ಬಾಯಿಗಳನ್ನು 0.4525ಕ್ಕೆ ರೀಮ್ ಮಾಡಿ, ಅಂದರೆ ಕೊರೆದು ಅಗಲ ಮಾಡಿ, ಕೊಟ್ಟರು. ಅದೇ ಡಬ್ಬಿಯ ಅದೇ ತೋಟಾ ಹೊಡೆದಾಗ ನಳಿಗೆ ಬಹುಪಾಲು ಸ್ವಚ್ಛ. ರೀಮ್ ಮಾಡಿಸುವ ತನಕ ತೋಟಾವನ್ನು ಬದಲಿಸಬೇಡ ಎಂದು ನಾನು ಹಟ ಹಿಡಿದದ್ದು ಇದಕ್ಕೇ. ಎರಡನ್ನೂ ಒಟ್ಟಿಗೆ ಬದಲಿಸಿದ್ದರೆ ಯಾವುದರಿಂದ ಸರಿಹೋಯಿತು ಎಂದು ಗೊತ್ತಾಗುತ್ತಿರಲಿಲ್ಲ.

ಗುರಿಯ ಎತ್ತರವೂ ಬದಲಾಯಿತು. ನಿಧಾನದ ಗುಂಡು ಕೆಳಗೆ ಬೀಳುತ್ತದೆ ಎಂದು ಅವನು ಅಂದುಕೊಂಡಿದ್ದ. 15 ಗಜದಲ್ಲಿ ಅದು ಮೇಲೆ ಹೊಡೆಯಿತು. ಗುಂಡು ನಳಿಗೆಯಲ್ಲಿ ಜಾಸ್ತಿ ಹೊತ್ತು ಇರುತ್ತದೆ, ಅಷ್ಟರಲ್ಲಿ ಒದೆತಕ್ಕೆ ನಳಿಗೆ ಮೇಲೆದ್ದಿರುತ್ತದೆ. ಬ್ಲ್ಯಾಕ್‌ಹಾಕ್‌ನ ಹಿಂದಿನ ಸೈಟ್ ತಿರುಪಿನದು, ಕೆಲವು ಕ್ಲಿಕ್ ಇಳಿಸಿದ, ಮುಗಿಯಿತು. ಸೈಟ್ ಸ್ಥಿರವಾಗಿರುವ ರಿವಾಲ್ವರ್ ಆಗಿದ್ದರೆ ಗುಂಡು, ವೇಗ ಎರಡನ್ನೂ ಸೈಟಿಗೆ ತಕ್ಕಂತೆ ಆರಿಸಬೇಕಿತ್ತು, ಲೆಕ್ಕವೇ ಬೇರೆ ಆಗುತ್ತಿತ್ತು.

ಈಗ ಅವರ ಬಳಿ ಇರುವುದು ಒಂದೇ ತೋಟಾ. 250 ಗ್ರೇನ್ ಮೆದು ಸೀಸ, ಟೈಟ್‌ಗ್ರೂಪ್, ಸೆಕೆಂಡಿಗೆ 700 ಅಡಿಗಿಂತ ಸ್ವಲ್ಪ ಜಾಸ್ತಿ. ಅವನ ಹೆಂಡತಿ ಅವನಿಗಿಂತ ಚೆನ್ನಾಗಿ ಹೊಡೆಯುತ್ತಾಳೆ ಎಂದು ಅಕ್ಕ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಾಳೆ. ಅಳಿಯ ಈಗ ಗುಂಡಿನ ಅಚ್ಚು ಕೊಂಡು ಗ್ಯಾರೇಜಿನಲ್ಲೇ ಸೀಸ ಕರಗಿಸುವ ಮಾತಾಡುತ್ತಿದ್ದಾನೆ. ಗಡಸುತನ ಕೈಯಲ್ಲೇ ಇರುತ್ತದೆ ಎಂಬುದು ಅವನ ವಾದ. ಅದು ಸರಿಯಾದ ವಾದವೇ. ಆದರೆ ಮನೆಯಲ್ಲಿ ಎರಡು ವರ್ಷದ ಮಗು ಇದೆ. ಸೀಸದ ಧೂಳು ಬಟ್ಟೆ, ಚಪ್ಪಲಿ ಹಿಡಿದು ಒಳಗೆ ಬರುತ್ತದೆ, ಮಕ್ಕಳ ಮೆದುಳಿಗೆ ಅದರ ಪೆಟ್ಟು ದೊಡ್ಡವರಿಗಿಂತ ಜಾಸ್ತಿ. ಹೊಡೆದು ಬಂದ ಬಟ್ಟೆಯನ್ನು ಬೇರೆ ಒಗೆಯುವುದು, ಕೈ ತೊಳೆಯದೆ ಮಗು ಎತ್ತಿಕೊಳ್ಳದಿರುವುದು ಈಗಾಗಲೇ ನಡೆಯುತ್ತಿದೆ. ಅಚ್ಚಿನ ಮಾತಿಗೆ ಸದ್ಯಕ್ಕೆ ನಾನು ಒಪ್ಪಿಲ್ಲ. ಗುಂಡು ಅಂಗಡಿಯಿಂದಲೇ ಬರುತ್ತಿದೆ.